ಮೂರನೆಯ ಸಲದ ಬೆಳಕು

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ರೇಷ್ಮೆ ನೂಲಿನ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಹಿಡಿಯುತ್ತಿದ್ದೆ. ನನ್ನ ಮಗ್ಗದಿಂದ ಇಳಿದ ಸೀರೆಗೆ ಕೊಳ್ಳೇಗಾಲದಲ್ಲಿ ಯಾರೂ ಕೊಂಕು ಹೇಳಿದ್ದಿಲ್ಲ. ಎಪ್ಪತ್ತರ ದಶಕದಲ್ಲಿ ಯಳಂದೂರಿನ ವಿಜ್ಞಾನದ ಮೇಷ್ಟ್ರೊಬ್ಬರು ತಂಗಿಯ ಮದುವೆ ಸೀರೆಗೆಂದು ಬಂದರು. ಅವರು ಒಂದೇ ಎಂದುಕೊಂಡಿದ್ದ ಎರಡು ಹಸಿರು ನೂಲಿನ ಲಡಿಗಳನ್ನು ನಾನು ಬೇರೆ ಮಾಡಿಟ್ಟದ್ದು ನೋಡಿ, "ವಾರಕ್ಕೊಂದು ದಿನ ನಿನ್ನ ಕಣ್ಣು ನನಗೆ ಬೇಕು ಕಣಯ್ಯಾ" ಎಂದರು.

ಅವರ ಮನೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರ ತುಂಬ ಗಾಜಿನ ಪ್ಲೇಟು. ಆಕಾಶದ ಒಂದೇ ಜಾಗವನ್ನು ವರ್ಷಗಟ್ಟಲೆ ತೆಗೆದ ಫೋಟೋಗಳು. ವೀಕ್ಷಣಾಲಯದಲ್ಲಿದ್ದ ಅವರ ಗುರುಗಳು ನಂಬಿ ಕೊಟ್ಟದ್ದು. ಪ್ಲೇಟಿನಲ್ಲಿ ಎಲ್ಲ ತಿರುಗಾಮುರುಗಾ. ಆಕಾಶ ಬಿಳಿ, ನಕ್ಷತ್ರ ಕಪ್ಪು. ಹೆಚ್ಚು ಬೆಳಗಿದ್ದು ಹೆಚ್ಚು ದಪ್ಪ ಚುಕ್ಕಿ. ಮೇಷ್ಟ್ರು ಒಂದನ್ನು ತೋರಿಸಿದರು.

"ಈ ಚುಕ್ಕಿ ನಕ್ಷತ್ರ ಅಲ್ಲ, ಬಲು ದೂರದ ಗೆಲಾಕ್ಸಿ, ನಕ್ಷತ್ರಗಳದೇ ಒಂದು ದೊಡ್ಡ ಸಂತೆ. ಇದರ ನಡುವಿನಿಂದ ಬೆಳಕಿನ ಒಂದು ಧಾರೆ ಚಿಮ್ಮುತ್ತೆ, ನಮ್ಮ ಕಡೆಗೇ ಮುಖ ಮಾಡಿದೆ ಅಂತಾರೆ. ಬೆಳಕು ಏರುತ್ತೆ, ಇಳಿಯುತ್ತೆ. ಇಷ್ಟಿಷ್ಟು ತಿಂಗಳಿಗೊಮ್ಮೆ ಅಂತ ಸರದಿ ಪ್ರಕಾರವೋ, ಮನಸ್ಸು ಬಂದಂಗೋ, ಅದು ಗೊತ್ತಾಗ್ಬೇಕು."

ಪಕ್ಕದಲ್ಲಿ ಬದಲಾಗದ ಎರಡು ಚುಕ್ಕಿಗಳಿದ್ದವು, ಒಂದು ದಪ್ಪ, ಒಂದು ಸಣ್ಣ. ನಮ್ಮ ಚುಕ್ಕಿ ಅವೆರಡರ ನಡುವೆ ಎಲ್ಲಿದೆ ಎಂದು ಭೂತಗನ್ನಡಿಯಲ್ಲಿ ನೋಡಿ, ಸಣ್ಣದು ಸೊನ್ನೆ, ದಪ್ಪದು ಹತ್ತು ಎಂಬ ಲೆಕ್ಕದಲ್ಲಿ ಹತ್ತಕ್ಕೆ ನಾಲ್ಕು, ಹತ್ತಕ್ಕೆ ಏಳು ಎಂದು ಹೇಳುವುದು ನನ್ನ ಕೆಲಸ. ದಪ್ಪ ಕನ್ನಡಕದ ಮೇಷ್ಟ್ರು ತಾರೀಖಿನ ಮುಂದೆ ಬರೆದುಕೊಳ್ಳುತ್ತಿದ್ದರು.

ಪ್ಲೇಟುಗಳನ್ನು ತಾರೀಖಿನ ಸಾಲಿನಲ್ಲೇ ನೋಡುತ್ತಿದ್ದೆ. ಚುಕ್ಕಿ ಒಮ್ಮೆ ಉಬ್ಬಿತು. ಹದಿನೇಳು ತಿಂಗಳ ನಂತರದ ಪ್ಲೇಟಿನಲ್ಲಿ ಮತ್ತೆ ಉಬ್ಬಿತು. ಅಲ್ಲಿಂದ ಇನ್ನೂ ಹದಿನೇಳು ತಿಂಗಳ ನಂತರದ ಪ್ಲೇಟು ಕೈಗೆ ಬಂದಾಗ, "ಹತ್ತಕ್ಕೆ ಎಂಟು ಸಾ" ಎಂದೆ. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಸರದಿ ಕಣಯ್ಯಾ, ಸರದಿ! ಗುರುಗಳಿಗೆ ಇವತ್ತೇ ಬರೀತೀನಿ." ಬಸ್ಸಿನಲ್ಲಿ ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮರುದಿನ ಮಗ್ಗದಲ್ಲಿ ಕೂತಿದ್ದೆ. ಅಂದು ಹಿಡಿದಿದ್ದ ಸೀರೆಗೆ ಎಂಬತ್ತು ಸಲ ಲಾಳಿ ಓಡಿದರೆ ಒಂದು ಬುಟ್ಟಾ, ಸಣ್ಣ ಹೂವು. ಹೆಂಡತಿ ನೂಲು ಸುತ್ತುತ್ತಾ ಯಾವುದೋ ನೆಂಟರ ವಿಷಯ ತೆಗೆದಳು, ಜಗಳವೇ ಆಯಿತು. ನಡುವೆ ಅವಳು ನಕ್ಕುಬಿಟ್ಟಳು.

"ಬಾಯಿ ನನ್ ಮೇಲೆ ಕೂಗಾಡ್ತಿತ್ತು, ಕೈ ತನ್ ಪಾಡಿಗೆ ಬುಟ್ಟಾ ಆಕ್ಬುಡ್ತಲ್ಲ! ಲೆಕ್ಕ ಯಾರ್ ಇಡ್ಕಂಡಿದ್ರು?"

ಯಾರೂ ಹಿಡಿದಿರಲಿಲ್ಲ. ಎಣಿಸಿ ನೋಡಿದೆ, ಸರಿಯಾಗಿ ಎಂಬತ್ತು. ಬೇರೆ ದಿನವಾಗಿದ್ದರೆ ಮೀಸೆ ತಿರುವುತ್ತಿದ್ದೆ. ಅಂದು ಮಗ್ಗ ನಿಲ್ಲಿಸಿದೆ. ಎರಡು ಬುಟ್ಟಾ ಬಿದ್ದಮೇಲೆ ಮೂರನೆಯದು ಎಲ್ಲಿ ಬೀಳಬೇಕೆಂದು ನನ್ನ ಮೈಗೇ ಗೊತ್ತು. ಪ್ಲೇಟಿನ ಆ ಮೂರನೆಯ ಬೆಳಕು ಕಣ್ಣು ಕಂಡದ್ದೋ, ನಾನೇ ನೇಯ್ದದ್ದೋ?

ಕಾಗದ ಅಂಚೆಗೆ ಬಿದ್ದರೆ, ನನ್ನ ಕಣ್ಣು ನಂಬಿದ ತಪ್ಪಿಗೆ ಮೇಷ್ಟ್ರು ಗುರುಗಳ ಮುಂದೆ ತಲೆ ತಗ್ಗಿಸಬೇಕು. ಲಾಳಿ ಬಿಟ್ಟು ಎದ್ದೆ. ಯಳಂದೂರಿನ ಬಸ್ಸು ಅಷ್ಟು ನಿಧಾನ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೇಷ್ಟ್ರು ಜಗಲಿಯಲ್ಲಿ ಕೂತು ಮೂರನೆಯ ಸಲ ಶುದ್ಧಪ್ರತಿ ಬರೆಯುತ್ತಿದ್ದರು. ಕಾಗದ ಇನ್ನೂ ಅಲ್ಲೇ ಇತ್ತು! ಕಂಬ ಹಿಡಿದು ಉಸಿರು ಬಿಟ್ಟೆ.

"ಸಾ, ಕಾಗ್ದ ಕಳುಸ್ಬ್ಯಾಡಿ. ನನ್ ಕಣ್ ಮ್ಯಾಲೆ ನಂಗೆ ಅನ್ಮಾನ." ಬುಟ್ಟಾದ ಕಥೆ ಹೇಳಿದೆ. ನನ್ನ ಕಣ್ಣಿನ ಮೇಲೆ ಅನುಮಾನ ಎಂಬ ಮಾತನ್ನು ಜೀವಮಾನದಲ್ಲಿ ಮೊದಲ ಸಲ ಆಡಿದ್ದು.

ಅವರು ಪೆನ್ನು ಕೆಳಗಿಟ್ಟರು. ಪ್ಲೇಟಿನ ತಾರೀಖುಗಳ ಮೇಲೆ ಚೀಟಿ ಅಂಟಿಸಿ, ಎಲ್ಲ ಕಲಸಿ, ಒಂದೊಂದಾಗಿ ಕೊಟ್ಟರು. ಈಗ ಯಾವುದರ ಹಿಂದೆ ಯಾವುದು ಬರುತ್ತದೆಂದು ಮೈಗೂ ಗೊತ್ತಿಲ್ಲ. ಮೂರು ದಿನ ಅವರ ಮನೆಯಲ್ಲೇ ಉಂಡು ನೋಡಿದೆ.

ಚೀಟಿ ಕಿತ್ತು ತಾರೀಖಿನ ಪ್ರಕಾರ ಜೋಡಿಸಿದರು. ಮೊದಲೆರಡು ಬೆಳಕು ಇದ್ದಲ್ಲೇ ಇದ್ದವು. ಎಂಟು ಎಂದಿದ್ದ ಮೂರನೆಯ ಜಾಗದಲ್ಲಿ ಈಗ ಹತ್ತಕ್ಕೆ ನಾಲ್ಕು. ಚುಕ್ಕಿ ಉಬ್ಬಿದ್ದು ಅದಾಗಿ ಐದಾರು ತಿಂಗಳಿಗೆ, ಅದೂ ಅರೆಮನಸ್ಸಿನಿಂದ.

ಮೇಷ್ಟ್ರು ಬೆರಳಿಟ್ಟು ಪಟ್ಟಿಯನ್ನು ಮೊದಲಿಂದ ಓದಿದರು. ಇನ್ನು ಬರಬೇಡ ಎನ್ನುತ್ತಾರೆಂದು ಕಾದೆ. ಅವರ ಭುಜ ಅಲುಗಿತು, ನಗುತ್ತಿದ್ದರು.

"ಗೆಲಾಕ್ಸಿಗೇ ಬುಟ್ಟಾ ಸೀರೆ ಉಡಿಸಿಬಿಟ್ಟಿದ್ದೆಯಲ್ಲಯ್ಯಾ!"

ಹಳೆಯ ಕಾಗದ ಹರಿದು, ಬೆಳಕು ಏರಿಳಿಯುವುದು ನಿಜ, ಸರದಿ ಇದೆ ಎನ್ನಲು ಸಾಲದು ಎಂದು ಹೊಸದು ಬರೆದರು. ಅದನ್ನು ಡಬ್ಬಿಗೆ ಹಾಕಿದವನು ನಾನೇ. ಮೇಷ್ಟ್ರು ಬಸ್‌ ಸ್ಟಾಂಡಿನವರೆಗೂ ಬಂದು, "ಇನ್ನೊಂದು ಪೆಟ್ಟಿಗೆ ಬರುತ್ತೆ. ಮುಂದಿನ ವಾರ ಬರ್ತೀಯೋ, ಇಲ್ಲವೋ?" ಎಂದರು.

"ಬರ್ದೇ ಇರ್ತೀನಾ ಸಾ! ನಾನ್ ಬರೋ ಒತ್ಗೆ ತಾರೀಕ್ ಮುಚ್ಚಿ ಪ್ಲೇಟ್ ಕಲ್ಸಿ ಮಡ್ಗಿರಿ, ಅಷ್ಟೇಯ."

ಬಸ್ಸಿನಲ್ಲಿ ನೆಮ್ಮದಿಯ ನಿದ್ದೆ ಹತ್ತಿ, ಕೊಳ್ಳೇಗಾಲ ಬಂದರೂ ನನಗೆ ಎಚ್ಚರವಾಗಲಿಲ್ಲ. ಕಂಡಕ್ಟರೇ ಅಲುಗಾಡಿಸಿ ಎಬ್ಬಿಸಿದ.