ಅತ್ತೆಗೆ ತಕ್ಕ ಹಡಗು

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಅವರನ್ನು ಇಡೀ ಬೀದಿ ‘ಬ್ರೇಕ್ ಮೇಷ್ಟ್ರು’ ಎಂದೇ ಕರೆಯುತ್ತಿತ್ತು. ಕಲಿಸುವ ಕಾರಿನಲ್ಲಿ ಅವರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಅದರ ಮೇಲಿಂದ ಅವರು ಕಾಲು ತೆಗೆದದ್ದನ್ನು ಕಂಡವರಿಲ್ಲ. “ಅಂತರ ಇರ್ಲಿ, ಅಂತರ ಇರ್ಲಿ” ಎಂಬುದು ಅವರ ಜಪ. ಮುಂದಿನ ಬಸ್ಸಿಗೂ ತಮ್ಮ ಕಾರಿಗೂ ನಡುವೆ ಇನ್ನೊಂದು ಬಸ್ಸು ಹಿಡಿಸುವಷ್ಟು ಜಾಗ ಬಿಡಿಸುತ್ತಿದ್ದರು. ಆ ಜಾಗಕ್ಕೆ ನಿಜವಾಗಿಯೂ ಇನ್ನೊಂದು ಬಸ್ಸು ಬಂದು ತೂರಿಕೊಂಡರೆ ಅದಕ್ಕೂ ಅಷ್ಟೇ ಜಾಗ. ಹೀಗೆ ಬಿಡುತ್ತ ಬಿಡುತ್ತ ಅವರ ಶಿಷ್ಯರು ಊರಿನ ವಾಹನಗಳಿಗೆಲ್ಲ ದಾರಿ ಕೊಟ್ಟು ಕಡೆಗೆ ಮನೆ ಸೇರುತ್ತಿದ್ದರು.

ಇಂಥ ಮನುಷ್ಯ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತರೆ ಗುರುತೇ ಸಿಗುತ್ತಿರಲಿಲ್ಲ. ಬಾಹ್ಯಾಕಾಶದಲ್ಲಿ ಹಡಗುಗಳು ಕಾದಾಡುವ ಆನ್‌ಲೈನ್ ಗೇಮ್ ಅದು. ಎಲ್ಲೆಲ್ಲೋ ಇರುವ ಜನ ಪಡೆ ಕಟ್ಟಿಕೊಂಡು, ಮೈಕಿನಲ್ಲಿ ಮಾತಾಡಿಕೊಳ್ಳುತ್ತ ಹೊಡೆದಾಡುತ್ತಾರೆ. ದೊಡ್ಡ ಹಡಗುಗಳ ಫಿರಂಗಿ ದೂರಕ್ಕೆ ಹೊಡೆಯುತ್ತದೆ, ಆದರೆ ಬೇಗ ತಿರುಗುವುದಿಲ್ಲ. ಹಾಗಾಗಿ ಕಿರುಹಡಗುಗಳು ಅವುಗಳ ಹೊಟ್ಟೆಗೇ ಅಂಟಿಕೊಂಡು ಗಿರಗಿರನೆ ಸುತ್ತುತ್ತ ಹೊಡೆಯಬೇಕು. ದೂರ ಉಳಿದರೆ ಒಂದೇ ಏಟಿಗೆ ಬೂದಿ. ಮೇಷ್ಟ್ರ ಪಡೆಯಲ್ಲಿ ಯಾರಿಗೆ ಯಾವ ಕಿರುಹಡಗು ಎಂದು ಆರಿಸಿಕೊಡುವ ಕೆಲಸ ಅವರದೇ.

“ಹತ್ರ ಹೋಗ್ರೀ! ಇನ್ನೂ ಹತ್ರ! ಯಾಕ್ರೀ ಅಂತರ ಬಿಡ್ತೀರಾ?” ಎಂದು ಅವರು ಕೂಗುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅವರ ಹೆಂಡತಿ ಅದನ್ನು ಕೇಳಿ ತಟ್ಟೆ ತೊಳೆಯುತ್ತಲೇ ನಗುತ್ತಿದ್ದಳು.

ಮೇಷ್ಟ್ರು ಹಡಗು ಆರಿಸುತ್ತಿದ್ದದ್ದು ಆಳಿನ ಗುಣ ನೋಡಿ. ದುಡುಕಿನವನಿಗೆ ತೆಳು ತಗಡಿನ ವೇಗದ ಹಡಗು, ಮೊಂಡನಿಗೆ ದಪ್ಪ ಕವಚದ್ದು. ಬಲೆ ಹಡಗಿಗೆ ಮಾತ್ರ ತಕ್ಕವರು ಸಿಕ್ಕುತ್ತಿರಲಿಲ್ಲ. ಶತ್ರುವಿನ ಮೇಲೆ ಬಲೆ ಬೀಸಿ, ಅವನು ಓಡಿಹೋಗದಂತೆ ಹಿಡಿದು ಕೂರುವುದಷ್ಟೇ ಅದರ ಕೆಲಸ. ಎಲ್ಲರಿಗೂ ಹೊಡೆಯುವ ಚಪಲ, ಹಿಡಿದು ಕೂರುವ ತಾಳ್ಮೆ ಯಾರಿಗೂ ಇಲ್ಲ.

ಆ ದಿನಗಳಲ್ಲೇ ಹೆಂಡತಿಯ ತಾಯಿ ಬಂದಿಳಿದರು. ಅಂಚೆ ಕಚೇರಿಯ ಕೌಂಟರಿನಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲೇ ಮೇಷ್ಟ್ರಿರುವಾಗ ಕಾರು ಕಲಿಯದೆ ಇರುವುದೇ ಎಂದು ಮರುದಿನವೇ ಸ್ಟೇರಿಂಗ್ ಹಿಡಿದರು.

“ಅತ್ತೆ, ಲಾರಿಗೆ ಸ್ವಲ್ಪ ಅಂತರ ಇರ್ಲಿ.”

“ಅದರ ಹಿಂದೆ ಏನೋ ಬರ್ದಿದೆ ಅಳಿಯಂದ್ರೇ, ಓದ್ತಾ ಇದ್ದೀನಿ.”

“ಓದೋಕೆ ಇಷ್ಟು ಹತ್ರ ಹೋಗ್ಬೇಕಾ?”

“ಕನ್ನಡಕ ಮನೇಲಿದೆ.”

ಮೇಷ್ಟ್ರು ಬ್ರೇಕ್ ತುಳಿದ ರಭಸಕ್ಕೆ ಅತ್ತೆಯ ಕೈಚೀಲ ಹಾರಿ ಗಾಜಿಗೆ ಬಡಿಯಿತು. ಮನೆಗೆ ಬಂದವರೇ ಅತ್ತೆ ಮಗಳ ಹತ್ತಿರ, “ನಿನ್ನ ಗಂಡ ಒಳ್ಳೇವ್ರೇ ಕಣೇ. ಆದ್ರೆ ಸ್ವಲ್ಪ ಪುಕ್ಕಲು” ಎಂದರು. ತಗ್ಗಿದ ದನಿಯಲ್ಲೇ ಹೇಳಿದ್ದು, ಆದರೆ ಕೌಂಟರಿನಲ್ಲಿ ಪಳಗಿದ ದನಿ ಅದು. ಪಕ್ಕದ ಕೋಣೆಯಲ್ಲಿದ್ದ ಮೇಷ್ಟ್ರ ಮುಖ ಚಪ್ಪೆಯಾಯಿತು. ಅಂದಿನಿಂದ ಇಬ್ಬರ ನಡುವೆ ‘ಊಟಕ್ಕೆ ಬನ್ನಿ’, ‘ಆಯ್ತಾ’ ಎನ್ನುವಷ್ಟೇ ಮಾತು.

ಮುಂದಿನ ಭಾನುವಾರ ಎದುರು ಪಡೆಯ ಜೊತೆ ದೊಡ್ಡ ಕಾಳಗವಿತ್ತು. ಅವರ ನಾಯಕನ ಬಳಿ ಬೆಟ್ಟದಂಥ ಹಡಗೊಂದಿತ್ತು. ಪ್ರತಿ ಸಲವೂ ಇನ್ನೇನು ಒಡೆಯಬೇಕು ಎನ್ನುವಾಗ ಅದು ಓಡಿಹೋಗಿಬಿಡುತ್ತಿತ್ತು. ಈ ಸಲ ಬಲೆ ಬೀಸಲು ಒಪ್ಪಿದ್ದ ಬೇಕರಿಯವನು ಕೊನೆಗಳಿಗೆಯಲ್ಲಿ ಕೈಕೊಟ್ಟ. ಒಲೆ ಕೆಟ್ಟಿದೆಯಂತೆ.

ಪಡೆಯ ಮುಖ್ಯಸ್ಥೆ ಆಸ್ಪತ್ರೆಯೊಂದರ ನರ್ಸ್. ಎಲ್ಲರಿಗೂ ಅವಳು ‘ಸಿಸ್ಟರ್’. “ಮೇಷ್ಟ್ರೇ, ಯಾರನ್ನಾದ್ರೂ ಕೂರ್ಸಿ, ಬೇಗ!” ಎಂದಳು.

ಮೇಷ್ಟ್ರು ತಲೆ ಕೆರೆದುಕೊಳ್ಳುತ್ತ ಹೊರಗೆ ಬಂದರು. ಅತ್ತೆ ಫೋನಿನಲ್ಲಿದ್ದರು. ಆ ಕಡೆಯವರು ಯಾರೋ ಹಳೇ ಸಹೋದ್ಯೋಗಿ. ಪಾಪ, ಊಟಕ್ಕೆ ಮುಂಚಿನಿಂದ ಫೋನ್ ಇಡಲು ಹೆಣಗುತ್ತಿದ್ದರು. “ಇರೇ, ಇಡ್ಬೇಡ, ಇನ್ನೊಂದೇ ಮಾತು. ನಿನ್ನ ಸೊಸೆ ವಿಷ್ಯ ಹೇಳ್ಲೇ ಇಲ್ವಲ್ಲ!”

ಮೇಷ್ಟ್ರು ನಿಂತಲ್ಲೇ ನಿಂತರು. ಇಷ್ಟು ದಿನ ಅವರು ಹುಡುಕುತ್ತಿದ್ದ ಗುಣ ತಮ್ಮ ಸೋಫಾದ ಮೇಲೇ ಕೂತಿತ್ತು.

“ಅತ್ತೆ, ಒಂದು ಹಡಗಿದೆ. ಓಡಿಸ್ತೀರಾ?”

“ಬ್ರೇಕ್ ಇದ್ಯಾ?”

“ಇಲ್ಲ.”

“ಹಾಗಾದ್ರೆ ಕೊಡಿ.”

ಹೆಂಡತಿಯ ಲ್ಯಾಪ್‌ಟಾಪ್ ತಂದು, ಕನ್ನಡಕ ಹುಡುಕಿ ಹಾಕಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದರು. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹೇಳಿ ಮುಗಿಸುವುದರೊಳಗೆ ಕಾಳಗ ಶುರುವಾಗಿತ್ತು.

“ಹತ್ರ ಹೋಗಿ ಅತ್ತೆ.”

ಅತ್ತೆ ತಿರುಗಿ ಅಳಿಯನ ಮುಖ ನೋಡಿದರು. “ನೀವೇನಾ ಹೇಳ್ತಿರೋದು?”

“ಹ್ಞೂಂ ಅತ್ತೆ, ಇನ್ನೂ ಹತ್ರ! ಉಜ್ಜಿಕೊಂಡು ಹೋಗಿ!”

ಅತ್ತೆಯ ಕಿರುಹಡಗು ಗುಂಡಿನ ಮಳೆಯ ನಡುವೆ ನುಗ್ಗಿ, ಆ ಬೆಟ್ಟದ ಹೊಟ್ಟೆಗೆ ಜಿಗಣೆಯಂತೆ ಅಂಟಿಕೊಂಡಿತು. ಬಲೆ ಬಿತ್ತು. ಎರಡೂ ಪಡೆಗೆ ಕೇಳುವ ಮೈಕಿನಲ್ಲಿ ಎದುರು ನಾಯಕ ಗುಡುಗಿದ: “ಯಾರ್ರೀ ಅದು? ಬಿಡ್ರೀ!”

“ಯಾರಪ್ಪಾ ನೀನು? ಊಟ ಆಯ್ತಾ?” ಎಂದರು ಅತ್ತೆ.

ಅವನು ತಬ್ಬಿಬ್ಬಾದ. “ಆ... ಆಯ್ತು ಅಮ್ಮಾ.”

“ಏನ್ ಕೆಲ್ಸ ಮಾಡ್ತೀಯಾ?”

“ಲಿಫ್ಟ್ ರಿಪೇರಿ. ಅಮ್ಮಾ, ಸ್ವಲ್ಪ ಬಿಡಿ, ನನ್ನ ಹಡಗು...”

“ಬಿಡ್ತೀನಿ ಇರು. ನಮ್ಮ ಆಫೀಸಿನ ಲಿಫ್ಟು ಯಾವಾಗ್ಲೂ ಮಧ್ಯದಲ್ಲೇ ನಿಲ್ತಿತ್ತಲ್ಲ, ಯಾಕಪ್ಪಾ?”

ಅವನು ಕಾರಣ ವಿವರಿಸತೊಡಗಿದ. ವಿವರಿಸುತ್ತಿರುವಾಗಲೇ ಅವನ ಹಡಗು ಬೆಂಕಿಯ ಚೆಂಡಾಗಿ ಒಡೆದು ಚೂರಾಯಿತು. ಸಿಸ್ಟರ್ ಸಿಳ್ಳೆ ಹೊಡೆದಳು. ಮೇಷ್ಟ್ರು ಕುರ್ಚಿಯಿಂದೆದ್ದು ಅತ್ತೆಯ ಎರಡೂ ಕೈ ಹಿಡಿದು ಕುಲುಕಿದರು. ಮದುವೆಯಾದಾಗಿನಿಂದ ಅವರನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ ಮನುಷ್ಯ! ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಕಣ್ಣು ತುಂಬಿಬಂತು.

ಆಮೇಲಿನ ವಾರಗಳಲ್ಲಿ ಅತ್ತೆಯ ಹೆಸರು ಎಲ್ಲ ಪಡೆಗಳಲ್ಲೂ ಹಬ್ಬಿತು. ತೊಂದರೆಯೆಂದರೆ, ಅವರು ಮಾತಾಡಬೇಕೆನಿಸಿದವರ ಮೇಲೆಲ್ಲ ಬಲೆ ಬೀಸುತ್ತಿದ್ದರು. ತಮ್ಮ ಮಂಡಿನೋವಿಗೆ ಔಷಧಿ ಕೇಳಲು ಸಿಸ್ಟರ್‌ನ ಹಡಗನ್ನೇ ಹಿಡಿದು ನಿಲ್ಲಿಸಿದ ದಿನ ಇಡೀ ಪಡೆ ಪುಡಿಯಾಯಿತು. ಮೇಷ್ಟ್ರು ಸಿಡುಕಿದರು. ಅತ್ತೆ ತಟ್ಟೆ ಎತ್ತಿಕೊಂಡು ಹೋಗಿ ತಮ್ಮ ಕೋಣೆಯಲ್ಲೇ ಊಟ ಮಾಡಿದರು. ಮುಂದಿನ ಭಾನುವಾರ ನೋಡಿದರೆ ಅವರ ಕಿರುಹಡಗು ಎದುರು ಪಡೆಯಲ್ಲಿದೆ! ಲಿಫ್ಟಿನವನು ಮರ್ಯಾದೆಯಿಂದ ಕರೆದನಂತೆ.

ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹುಮ್ಮಸ್ಸು ಬಂತು. ಅತ್ತೆಯ ಬಲೆಯಿಂದ ನುಣುಚಿಕೊಳ್ಳುವ ಹಡಗು ಯಾವುದು, ಅದಕ್ಕೆ ಆಳು ಯಾರು ಎಂದು ವಾರವಿಡೀ ಲೆಕ್ಕ ಹಾಕುತ್ತಾರೆ. ಇನ್ನೂ ಸಿಕ್ಕಿಲ್ಲ. ಅತ್ತೆಗೂ ಲೈಸೆನ್ಸ್ ಸಿಕ್ಕಿಲ್ಲ. ಪರೀಕ್ಷೆಯ ದಿನ ಅವರು ಇನ್‌ಸ್ಪೆಕ್ಟರರ ಬೈಕಿಗೆ ತಾಗಿಸಿಯೇ ಕಾರು ನಿಲ್ಲಿಸಿದ್ದರು.

ಹೀಗಾಗಿ ಸೋಮವಾರ ಅವರನ್ನು ಮಾರ್ಕೆಟ್ಟಿಗೆ ಕರೆದೊಯ್ಯುವವರು ಮೇಷ್ಟ್ರೇ. ದಾರಿಯುದ್ದಕ್ಕೂ ಹಿಂದಿನ ದಿನದ ಕಾಳಗದ್ದೇ ಮಾತು. ಮೊನ್ನೆ ಸಿಗ್ನಲಿನಲ್ಲಿ ನಿಂತಾಗ ಮೇಷ್ಟ್ರು ಏನೂ ತಿಳಿಯದವರಂತೆ ಕೇಳಿದರು: “ಅಂದ ಹಾಗೆ ಅತ್ತೆ, ಮುಂದಿನ ವಾರ ನಿಮ್ಮೋರು ಯಾವ ಕಡೆಯಿಂದ ಬರ್ತಾರೆ?”

“ಹಸಿರು ಬಿತ್ತು” ಎಂದರು ಅತ್ತೆ. “ಓಡ್ಸಿ ಅಳಿಯಂದ್ರೇ.”