ಒತ್ತಿದರೆ ನೋಯದ ನೋವು

ಬಣ್ಣ ಬಳಿಯುವವರ ಗುಂಪಿನಲ್ಲಿ ಅವನನ್ನು ಎಲ್ಲರೂ ‘ಏಣಿ’ ಎಂದೇ ಕರೆಯುತ್ತಿದ್ದರು. ಇಪ್ಪತ್ಮೂರು ವರ್ಷ, ಆರಡಿ ಮೂರಿಂಚು ಎತ್ತರ, ಮೈಮೇಲೆ ಹೇಳಿಕೊಳ್ಳುವಂಥ ಮಾಂಸವಿಲ್ಲ. ಬೇರೆಯವರು ಸ್ಟೂಲು ಹುಡುಕುವಷ್ಟರಲ್ಲಿ ಇವನು ನಿಂತಲ್ಲೇ ಬಾಗಿಲ ಮೇಲಿನ ಗೋಡೆ ಮುಗಿಸಿರುತ್ತಿದ್ದ. ಆದರೆ ಕೈಗಿಂತ ಬಾಯಿ ಮುಂದು ಎಂಬುದು ಗುತ್ತಿಗೆ ಹಿಡಿಯುತ್ತಿದ್ದ ಸೋದರಮಾವನ ದೂರು. ಹಳೇ ಗೋಡೆ ಕೆರೆಯಲು ಬಿಟ್ಟರೆ, ಒಳಗೆ ಎಷ್ಟು ಪದರ ಬಣ್ಣವಿದೆಯೆಂದು ನೋಡುತ್ತ ಅರ್ಧ ದಿನ ಕಳೆದುಬಿಡುವ ಆಸಾಮಿ.

ಅಂದು ಬೆಳಿಗ್ಗೆ ಒಂದು ಶಾಲೆಯ ಕೋಣೆಯಲ್ಲಿ ರೋಲರನ್ನು ಬಣ್ಣಕ್ಕೆ ಅದ್ದುತ್ತಿದ್ದಾಗ, ಬಲಗಡೆ ಎದೆಯಲ್ಲಿ ಚುಳ್ಳೆಂದಿತು. ನೋಡನೋಡುತ್ತ ನೋವು ಬೆನ್ನಿನ ಮೇಲ್ಭಾಗಕ್ಕೂ ಹರಡಿತು.

“ದಿನವಿಡೀ ಕೈ ಮೇಲೆತ್ತಿಕೊಂಡಿರ್ತೀಯ, ಹಿಡ್ಕೊಂಡಿರತ್ತೆ. ಸ್ವಲ್ಪ ಬೀಸು, ಬಿಟ್ಕೊಳ್ಳತ್ತೆ,” ಎಂದ ಮಾವ.

ಬೀಸಿದ. ನೋವು ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಪಕ್ಕೆಲುಬುಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ ನೋಡಿದ. ಎಲ್ಲೂ ನೋಯಲಿಲ್ಲ. ಉಸಿರನ್ನು ಜೋರಾಗಿ ಎಳೆದುಕೊಂಡಾಗ ಮಾತ್ರ ಒಳಗಿನಿಂದ ಚುಚ್ಚಿದಂತಾಯಿತು.

“ಮಾವ, ಮಾಂಸಖಂಡ ಹಿಡ್ಕೊಂಡಿದ್ರೆ ಒತ್ತಿದಾಗ ನೋಯ್ಬೇಕಲ್ವಾ?”

“ನಿನ್ನ ಪ್ರಶ್ನೆ ಕೇಳಿ ನನಗೆ ತಲೆ ನೋಯ್ತಿದೆ. ಹೋಗು, ಮನೇಲಿ ಮಲಗು.”

ಮನೆಯ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತ. ಒಳಗೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ವಿಷಯ ಕೇಳಿ, “ಗ್ಯಾಸ್ ಇರ್ಬೇಕು, ಬಿಸಿನೀರು ಕುಡಿ,” ಎಂದಳು.

“ಗ್ಯಾಸ್ ಆದ್ರೆ ಮೆಟ್ಟಿಲು ಹತ್ತುವಾಗ...” ಎಂದವನು ಉಸಿರಿಗಾಗಿ ಮಾತು ನಿಲ್ಲಿಸಿದ. ಅಕ್ಕ ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದಳು. ಚಪ್ಪಲಿ ಮೆಟ್ಟಿ ಅವನನ್ನು ಸೀದಾ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಮೊದಲು ಇಸಿಜಿ ತೆಗೆಸಿದರು.

“ಇದರಲ್ಲೇನೂ ತೊಂದರೆ ಕಾಣ್ತಿಲ್ಲ. ಈ ವಯಸ್ಸಲ್ಲಿ ಎದೆನೋವು, ಬೆನ್ನುನೋವು ಅಂತ ಬರೋರಲ್ಲಿ ಹೆಚ್ಚಿನವರಿಗೆ ಮಾಂಸಖಂಡ ಉಳುಕಿರತ್ತೆ, ಪಕ್ಕೆಲುಬಿನ ಸಂದು ಊದಿರತ್ತೆ, ಇಲ್ಲಾ ಹೊಟ್ಟೆಯ ಹುಳಿ ಮೇಲೆ ಬಂದಿರತ್ತೆ. ಬರೀ ಗಾಬರಿಗೇ ಎದೆ ಹಿಡಿಯೋರೂ ಇದ್ದಾರೆ.”

ಹೀಗೆನ್ನುತ್ತ ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮತ್ತೆ ಬಲಕ್ಕೇ ತಂದು ಒತ್ತಿ ಹಿಡಿದರು. “ಬಲಗಡೆ ಉಸಿರಿನ ಸದ್ದು ಕಡಿಮೆ ಇದೆ. ಒಂದು ಎಕ್ಸ್‌ರೇ ತೆಗೆಸೋಣ.”

ಸ್ವಲ್ಪ ಹೊತ್ತಿನ ನಂತರ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. “ಈ ಸಣ್ಣ ಗೆರೆ ನೋಡಿ. ಇದು ಶ್ವಾಸಕೋಶದ ಅಂಚು, ಎದೆಗೂಡಿಗೆ ತಾಗಿಕೊಂಡಿರ್ಬೇಕಿತ್ತು. ಅದರ ಮೇಲೆ ಎಲ್ಲೋ ಒಂದು ಪುಟ್ಟ ಗುಳ್ಳೆ ಒಡೆದು ಗಾಳಿ ಸೋರಿ, ಇವೆರಡರ ಮಧ್ಯದಲ್ಲಿ ನಿಂತಿದೆ.”

ಏಣಿ ನೋವನ್ನು ಮರೆತು ಮುಂದಕ್ಕೆ ಬಾಗಿದ. “ನಾನೇನೂ ಭಾರ ಎತ್ತಿರ್ಲಿಲ್ವಲ್ಲ ಡಾಕ್ಟ್ರೇ?”

“ಎತ್ತಬೇಕು ಅಂತಿಲ್ಲ, ಸುಮ್ನೆ ಕೂತಿದ್ರೂ ಆಗ್ಬಹುದು. ನಿಮ್ಮ ಹಾಗೆ ಉದ್ದಕ್ಕೆ ತೆಳ್ಳಗಿರೋ ಹುಡುಗರಲ್ಲೇ ಜಾಸ್ತಿ. ಸಿಗರೇಟು ಸೇದ್ತೀರಾ?”

ಅವನು ಮೆಲ್ಲಗೆ ಅಕ್ಕನ ಕಡೆ ನೋಡಿದ. ಇಬ್ಬರಿಗೂ ಉತ್ತರ ಸಿಕ್ಕಿತು.

“ಎತ್ತರಕ್ಕೆ ನನ್ನ ಹತ್ರ ಔಷಧಿಯಿಲ್ಲ. ಸಿಗರೇಟು ಮಾತ್ರ ಇವತ್ತೇ ಬಿಡಿ.”

ಸೋರಿದ್ದು ಕಡಿಮೆಯಾದ್ದರಿಂದ ಎದೆಗೆ ನಳಿಕೆ ಹಾಕಬೇಕಾಗಲಿಲ್ಲ. ಆಮ್ಲಜನಕ ಕೊಟ್ಟು ಎರಡು ದಿನ ನಿಗಾದಲ್ಲಿಟ್ಟರು. ಮಾವ ಹಣ್ಣು ಹಿಡಿದು ಬಂದವನು ಮಂಚದ ಬುಡದಲ್ಲೇ ನಿಂತ.

“ಕೈ ಬೀಸು ಅಂದ್ಬಿಟ್ಟೆ ಕಣೋ.”

“ಬೀಸಿದ್ದು ಒಳ್ಳೇದೇ ಆಯ್ತು ಮಾವ. ಮಾಂಸಖಂಡದ್ದಲ್ಲ ಅಂತ ಆಗಲೇ ಅನುಮಾನ ಬಂತು.”

ಮಾವ ನಕ್ಕ, ಕಣ್ಣು ಮಾತ್ರ ಒದ್ದೆಯಾಗಿತ್ತು.

ಎರಡು ವಾರದ ನಂತರ ತೆಗೆದ ಎಕ್ಸ್‌ರೇಯಲ್ಲಿ ಆ ಗೆರೆ ಇರಲಿಲ್ಲ. ಮತ್ತೆ ಹೀಗಾಗಬಹುದು, ಹಾಗೇನಾದರೂ ಆದರೆ ಒಂದು ಗಳಿಗೆಯೂ ಕಾಯದೆ ಬನ್ನಿ ಎಂದು ಡಾಕ್ಟರಮ್ಮ ಎಚ್ಚರಿಸಿದರು. ಅವನು ಎರಡೂ ಫಿಲ್ಮುಗಳನ್ನು ಕೇಳಿ ಪಡೆದು, ಮನೆಯ ಕಿಟಕಿಗಾಜಿಗೆ ಅಂಟಿಸಿದ.

“ಅಕ್ಕಾ, ಬಾ ಇಲ್ಲಿ. ಒಂದು ಕಡೆ ಹನ್ನೆರಡು ಪಕ್ಕೆಲುಬು ಅಂತೆ. ನನಗೆ ಹತ್ತೇ ಸಿಗ್ತಿವೆ.”

ಅಕ್ಕ ಹೊಲಿಗೆ ನಿಲ್ಲಿಸಿ ಬಂದು, ಅವನ ಪಕ್ಕದಲ್ಲಿ ನಿಂತು ಎಣಿಸತೊಡಗಿದಳು.