ಬಂಗಲೆಯಲ್ಲಿ ಕಸ ಇರಲಿಲ್ಲ

ಎಂಬತ್ತರ ದಶಕದ ಆರಂಭ. ಹುನಗುಂದದ ನಮ್ಮ ಇಲಾಖೆಯ ಬಂಗಲೆಯ ಕಸ, ನೀರು, ಕಾವಲು ಎಲ್ಲವನ್ನೂ ಗುತ್ತಿಗೆಗೆ ಕೊಡಬೇಕೆಂದು ಆದೇಶ ಬಂತು. ಹನ್ನೆರಡು ವರ್ಷ ದಿನಗೂಲಿಯ ಮೇಲೆ ಅದನ್ನೆಲ್ಲ ನೋಡಿಕೊಂಡಿದ್ದ ಯಮನಪ್ಪನಿಂದ ಬೀಗದಕೈ ಇಸಿದುಕೊಂಡವನು ನಾನೇ.

ಮರುವಾರವೇ ಬೆಂಗಳೂರಿನ ಸಾಹೇಬರು ತಪಾಸಣೆಗೆ ಬಂದಿಳಿದರು. ಬೆಳಿಗ್ಗೆ ಸ್ನಾನದ ಮನೆಯಿಂದ, "ನೀರು ನಿಂತುಹೋಯ್ತಲ್ರೀ!" ಎಂದು ಕೂಗಿದರು. ಮೈತುಂಬ ಸೋಪಂತೆ. ಓಡಿಹೋಗಿ ನೋಡಿದರೆ ಪಂಪು ಬರೀ ಗುಂಯ್ ಅನ್ನುತ್ತಿತ್ತು, ನೀರು ಎಳೆಯುತ್ತಿರಲಿಲ್ಲ. ಗುತ್ತಿಗೆದಾರನ ಆಳು ಇಸ್ತ್ರಿ ಅಂಗಿ ಹಾಕಿಕೊಂಡು ಅದನ್ನೇ ನೋಡುತ್ತ ನಿಂತಿದ್ದ. ಎದುರಿನ ಚಹಾದಂಗಡಿಯಲ್ಲಿ ಕೂತಿದ್ದ ಯಮನಪ್ಪನನ್ನು ಕೈಹಿಡಿದು ಎಳೆದು ತಂದೆ.

ಅವನು ಪಂಪನ್ನು ಮುಟ್ಟಲೂ ಇಲ್ಲ. "ಈ ಪೈಪಿಗೆ ಹಸಿ ಚಿಂದಿ ಸುತ್ತಿದ್ನಲ್ಲ, ಎಲ್ಲೈತೋ?" ಎಂದು ಆಳನ್ನು ಕೇಳಿದ.

"ಅದಾ? ಕಸಾ ಅಂತ ಒಗದೇನ್ರಿ."

ಯಮನಪ್ಪ ನನ್ನ ಕಡೆ ತಿರುಗಿದ. "ಪೈಪ ಸೀಳೇತ್ರಿ. ಅಲ್ಲಿಂದ ಗಾಳಿ ಹೊಕ್ಕರ ನೀರು ಹ್ಯಾಂಗ ಏರತಾವು? ಹೊಸಾದು ತರಸ್ರಿ ಅಂತ ಎಷ್ಟ ಸಲ ಹೇಳೇನಿ ನಿಮಗ?"

ಹೇಳಿದ್ದ. ನಾನೇ ಮರೆತಿದ್ದೆ. "ಈಗೇನರ ಮಾಡೋ ಮಾರಾಯಾ," ಎಂದೆ. ಅವನು ತಲೆಯ ಪಟಗ ಬಿಚ್ಚಿ, ನೀರಲ್ಲಿ ಅದ್ದಿ, ಸೀಳಿನ ಸುತ್ತ ಬಿಗಿದ. ಪಂಪು ನೀರೆಳೆಯಿತು.

ಸಾಹೇಬರು ತಲೆ ಒರೆಸಿಕೊಳ್ಳುತ್ತ ಹೊರಬಂದರು. "ಗುತ್ತಿಗೆಗೆ ಕೊಟ್ಟಿದ್ದು ಒಳ್ಳೇದಾಯ್ತು ಕಣ್ರೀ. ಎಲ್ಲೂ ಒಂದು ಕಸ ಇಲ್ಲ," ಅಂದರು. ಬರಿದಲೆಯಲ್ಲಿ ನಿಂತಿದ್ದ ಯಮನಪ್ಪ ಅವರ ಕಣ್ಣಿಗೆ ಬಿದ್ದ. "ಹೊರಗಿನವರನ್ನ ಮಾತ್ರ ಒಳಗೆ ಬಿಡಬೇಡಿ."

ಆಗಲಿ ಸರ್ ಅಂದೆ. ಯಮನಪ್ಪ ಗೇಟು ದಾಟಿ ಹೋದ. ಅವನ ಪಟಗ ಮಾತ್ರ, ನನಗೆ ಬೇರೆ ಊರಿಗೆ ವರ್ಗವಾಗುವವರೆಗೂ, ಡ್ಯೂಟಿ ಮೇಲೇ ಇತ್ತು.